ಒಂದು ಕಂಪ್ಯೂಟರ್ ಸಿದ್ಧಮಾಡಿ, ಇಡೀ ಲ್ಯಾಬಿಗೆ ಇಳಿಸುವುದು ಹೇಗೆ?

ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಕಂಪ್ಯೂಟರ್ ಲ್ಯಾಬಿಗೆ ಬಂದ ಮೊದಲ ದಿನ ಕೇಳುವ ಪ್ರಶ್ನೆಗಳು ಪ್ರತಿ ವರ್ಷ ಹೆಚ್ಚುಕಡಿಮೆ ಒಂದೇ. "ಸರ್, ಪೈಥಾನ್ ಎಲ್ಲದರಿ?" "ಕನ್ನಡ ಹ್ಯಾಂಗ ಟೈಪ್ ಮಾಡೋದರಿ?" "ಉರ್ದು ಬರವಲ್ದು ಸರ್." ಒಂದು ಕಂಪ್ಯೂಟರಿನಲ್ಲಿ ಸರಿಮಾಡಿದರೆ ಪಕ್ಕದ ಕಂಪ್ಯೂಟರಿನಲ್ಲಿ ಅದೇ ತೊಂದರೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇರುವವರಿಗೆ ಇದು ದೊಡ್ಡ ನಷ್ಟವಲ್ಲ. ಆದರೆ ಬೆಳಿಗ್ಗೆ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಸಂಜೆ ಹಿಂತಿರುಗುವ, ಲ್ಯಾಬ್ ಬಿಟ್ಟರೆ ಬೇರೆಲ್ಲೂ ಕಂಪ್ಯೂಟರ್ ಸಿಗದ ವಿದ್ಯಾರ್ಥಿಗೆ ಆ ಹತ್ತು ನಿಮಿಷವೂ ಬಹಳ ದೊಡ್ಡದು.

ಇದಕ್ಕೆ ಉಪಾಯವಿದೆ. ಒಂದೇ ಒಂದು ಕಂಪ್ಯೂಟರನ್ನು ಎಲ್ಲ ರೀತಿಯಿಂದ ಸಿದ್ಧಮಾಡಿ, ಅದರ ಪಡಿಯಚ್ಚನ್ನು ಉಳಿದ ಎಲ್ಲ ಕಂಪ್ಯೂಟರುಗಳಿಗೆ ಇಳಿಸುವುದು. ಹೀಗೆ ಮಾಡುವುದು ಹೇಗೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಇಮೇಜ್ ಎಂದರೇನು?

ಇಲ್ಲಿ ಇಮೇಜ್ ಎಂದರೆ ಫೋಟೋ ಅಲ್ಲ. ಕಂಪ್ಯೂಟರಿನ ಡಿಸ್ಕಿನಲ್ಲಿರುವ ಆಪರೇಟಿಂಗ್ ಸಿಸ್ಟಂ, ತಂತ್ರಾಂಶಗಳು, ಸೆಟ್ಟಿಂಗ್‌ಗಳು ಎಲ್ಲವನ್ನೂ ಒಟ್ಟಿಗೆ ಕಟ್ಟಿಟ್ಟ ಒಂದು ಕಡತ. ಇಟ್ಟಿಗೆ ಮಾಡುವವರ ಅಚ್ಚನ್ನು ನೆನಪಿಸಿಕೊಳ್ಳಿ. ಅಚ್ಚು ಸರಿಯಾಗಿದ್ದರೆ ಸಾವಿರ ಇಟ್ಟಿಗೆಯೂ ಸರಿ. ಅಚ್ಚಿನಲ್ಲಿ ಒಂದು ಬಿರುಕಿದ್ದರೆ ಸಾವಿರ ಇಟ್ಟಿಗೆಯಲ್ಲೂ ಅದೇ ಗುರುತು. ಈ ಮಾತನ್ನು ಲೇಖನದ ಕೊನೆಯವರೆಗೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಡೀಫಾಲ್ಟ್ ಪ್ರೊಫೈಲ್ ಎಂದರೇನು?

ವಿಂಡೋಸ್‌ನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಸಿ ಡ್ರೈವ್‌ನ 'ಯೂಸರ್ಸ್' ಫೋಲ್ಡರಿನಲ್ಲಿ ತನ್ನದೇ ಒಂದು ಫೋಲ್ಡರ್ ಇರುತ್ತದೆ. ಅದೇ ಅವನ ಪ್ರೊಫೈಲ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಕೀಲಿಮಣೆಯ ಆಯ್ಕೆ, ಬ್ರೌಸರಿನ ನೆನಪು ಎಲ್ಲವೂ ಅದರೊಳಗೆ. ಅದೇ ಜಾಗದಲ್ಲಿ 'ಡೀಫಾಲ್ಟ್' ಎಂಬ ಇನ್ನೊಂದು ಫೋಲ್ಡರ್ ಇದೆ. ಸಾಮಾನ್ಯವಾಗಿ ಅದು ಕಣ್ಣಿಗೆ ಬೀಳದಂತೆ ಅಡಗಿರುತ್ತದೆ. ಹೊಸ ಬಳಕೆದಾರ ಮೊದಲ ಸಲ ಲಾಗಿನ್ ಆದಾಗ ವಿಂಡೋಸ್ ಆ ಫೋಲ್ಡರಿನ ಪ್ರತಿಯನ್ನು ತೆಗೆದು ಅವನ ಹೆಸರಿನಲ್ಲಿ ಇಡುತ್ತದೆ.

ಹಾಸ್ಟೆಲ್‌ನ ಮಾದರಿ ಕೋಣೆಯ ಹಾಗೆ ಇದು. ಮಾದರಿ ಕೋಣೆಯಲ್ಲಿ ಮಂಚ, ಮೇಜು, ದೀಪ ಹೇಗಿವೆಯೋ ಹೊಸಬನ ಕೋಣೆಯೂ ಹಾಗೆಯೇ ಸಿಗುತ್ತದೆ. ಒಳಗೆ ಬಂದ ಮೇಲೆ ಅವನು ತನಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಇನ್ನೊಂದು ಮಾತು: ಮಾದರಿ ಕೋಣೆಯನ್ನು ನಾಳೆ ಬದಲಿಸಿದರೆ ಈಗಾಗಲೇ ವಾಸವಿರುವವರ ಕೋಣೆ ಬದಲಾಗುವುದಿಲ್ಲ. ಹಾಗೆಯೇ ಡೀಫಾಲ್ಟ್ ಪ್ರೊಫೈಲ್ ಬದಲಿಸಿದರೆ ಮುಂದೆ ಬರುವ ಹೊಸ ಬಳಕೆದಾರರಿಗೆ ಮಾತ್ರ ಅದು ಅನ್ವಯಿಸುತ್ತದೆ, ಹಳಬರಿಗಲ್ಲ. "ಎಲ್ಲಾ ಸರಿಮಾಡಿದ್ದೆ, ಆದರೂ ಬದಲಾಗಿಲ್ಲ" ಎಂಬ ದೂರಿಗೆ ಅನೇಕ ಸಲ ಕಾರಣ ಇದೇ.

ನಾನು ಮಾಡಿದ ತಪ್ಪು

ಹಲವು ವರ್ಷಗಳ ಹಿಂದೆ ಬೇರೊಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಇಪ್ಪತ್ತು ಕಂಪ್ಯೂಟರುಗಳನ್ನು ಎರಡು ದಿನದಲ್ಲಿ ಸಿದ್ಧಮಾಡಬೇಕಿತ್ತು. ಹೊಸದಾಗಿ ಒಂದನ್ನು ಸಿದ್ಧಮಾಡುವ ಬದಲು, ಚೆನ್ನಾಗಿ ನಡೆಯುತ್ತಿದ್ದ ಒಂದು ಹಳೆಯ ಕಂಪ್ಯೂಟರನ್ನೇ ಆರಿಸಿ, ಅದರ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಉಳಿದವುಗಳಿಗೆ ನಕಲು ಮಾಡಿದೆ. ಕೆಲಸ ಬೇಗ ಮುಗಿಯಿತು, ಎಲ್ಲರೂ ಹೊಗಳಿದರು.

ಮೂರನೇ ದಿನ ಒಬ್ಬ ವಿದ್ಯಾರ್ಥಿ ಬಂದು, "ಸರ್, ಬ್ರೌಸರ್ ತೆರೆದರೆ ಯಾರದೋ ಮೇಲ್ ಬರ್ತದರಿ" ಎಂದ. ಹೋಗಿ ನೋಡಿದೆ. ಆ ಹಳೆಯ ಕಂಪ್ಯೂಟರಿನಲ್ಲಿ ಒಬ್ಬ ವಿದ್ಯಾರ್ಥಿನಿ ಸ್ಕಾಲರ್‌ಶಿಪ್ ಅರ್ಜಿ ತುಂಬಿದ್ದಳು. ಲಾಗೌಟ್ ಮಾಡಿರಲಿಲ್ಲ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆಕೆಯ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಫೋಟೋ ಎಲ್ಲವೂ ಇದ್ದವು. ನಾನು ಅವೆಲ್ಲವನ್ನೂ ಇಪ್ಪತ್ತು ಕಂಪ್ಯೂಟರುಗಳಿಗೆ ಹಂಚಿದ್ದೆ. ಆ ಸಂಜೆ ಒಂದೊಂದೇ ಕಂಪ್ಯೂಟರ್ ಮುಂದೆ ಕುಳಿತು ಅಳಿಸಿದೆ. ಮರುದಿನ ಆಕೆಗೆ ವಿಷಯ ತಿಳಿಸಿ, ಪಾಸ್‌ವರ್ಡ್ ಬದಲಿಸಲು ಹೇಳಿ, ಕ್ಷಮೆ ಕೇಳಿದೆ. ಆಕೆ ಮರೆತದ್ದು ಒಂದು ಲಾಗೌಟ್ ಅಷ್ಟೇ. ಅದನ್ನು ಇಪ್ಪತ್ತು ಪಟ್ಟು ಮಾಡಿದವನು ನಾನು. ಕೆಳಗಿನ ಕ್ರಮದಲ್ಲಿ ಕೆಲವು ಹೆಜ್ಜೆಗಳು ಸುಮ್ಮನೆ ತೊಡಕಿನವು ಎಂದು ನಿಮಗೆ ಅನ್ನಿಸಿದರೆ ಈ ಘಟನೆಯನ್ನು ನೆನಪಿಸಿಕೊಳ್ಳಿ.

ಸರಿಯಾದ ಕ್ರಮ

1. ಖಾಲಿ ಯಂತ್ರದಿಂದ ಶುರುಮಾಡಿ. ಯಾರೂ ಬಳಸಿರದ, ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರೇ ಮಾದರಿ ಯಂತ್ರವಾಗಬೇಕು. ಇನ್‌ಸ್ಟಾಲ್ ಮುಗಿದು ದೇಶ, ಭಾಷೆ ಕೇಳುವ ಪರದೆ ಬಂದಾಗ ಯಾವ ಹೆಸರನ್ನೂ ಕೊಡದೆ ಕಂಟ್ರೋಲ್, ಶಿಫ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ. ಕಂಪ್ಯೂಟರ್ ಮತ್ತೆ ಶುರುವಾಗಿ 'ಆಡಿಟ್ ಮೋಡ್'ಗೆ ಬರುತ್ತದೆ. ಇಲ್ಲಿ ವಿಂಡೋಸ್‌ನೊಳಗೇ ಇರುವ ಅಡ್ಮಿನಿಸ್ಟ್ರೇಟರ್ ಖಾತೆ ತಾನಾಗಿ ತೆರೆದುಕೊಳ್ಳುತ್ತದೆ.

2. ಬೇಕಾದದ್ದನ್ನು ಹಾಕಿ. ಪೈಥಾನ್, ಲಿಬ್ರೆ ಆಫೀಸ್, ಬ್ರೌಸರ್, ಫಾಂಟ್‌ಗಳು, ಕೀಲಿಮಣೆಗಳು. ಡೆಸ್ಕ್‌ಟಾಪಿನಲ್ಲಿ ಯಾವ ಐಕಾನ್ ಇರಬೇಕು ಎಂಬುದನ್ನೂ ಈಗಲೇ ಮಾಡಿ. ಈ ಹೊತ್ತಿನಲ್ಲಿ ಇಂಟರ್ನೆಟ್ ತೆಗೆದಿಡುವುದು ಒಳ್ಳೆಯದು. ಇಲ್ಲದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್ ತಾನೇ ಕೆಲವು ಆ್ಯಪ್‌ಗಳನ್ನು ನವೀಕರಿಸಿ, ಮುಂದಿನ ಹೆಜ್ಜೆ ಅರ್ಧಕ್ಕೇ ನಿಲ್ಲಬಹುದು. ಇನ್‌ಸ್ಟಾಲರ್‌ಗಳನ್ನು ಮೊದಲೇ ಪೆನ್‌ಡ್ರೈವ್‌ನಲ್ಲಿ ತಂದಿಡಿ.

3. ಉತ್ತರ ಕಡತ ಬರೆಯಿರಿ. ವಿಂಡೋಸ್ ಸೆಟಪ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಎಕ್ಸ್‌ಎಂಎಲ್ ಕಡತ ಇದು. ಇದರಲ್ಲಿ 'ಕಾಪಿ ಪ್ರೊಫೈಲ್' ಎಂಬ ಒಂದು ಸಾಲಿಗೆ 'ಟ್ರೂ' ಎಂದು ಕೊಡಬೇಕು. ಆಗ ನಾವು ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಮಾಡಿದ ಹೆಚ್ಚಿನ ಸೆಟ್ಟಿಂಗ್‌ಗಳು ಡೀಫಾಲ್ಟ್ ಪ್ರೊಫೈಲ್‌ಗೆ ಹೋಗುತ್ತವೆ. ಯಾವ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು ಎಂಬಂಥ ಕೆಲವು ಹೋಗುವುದಿಲ್ಲ, ಅವನ್ನು ಬೇರೆಯಾಗಿ ಮಾಡಬೇಕು. 'ಡೀಫಾಲ್ಟ್' ಫೋಲ್ಡರಿಗೆ ನೇರವಾಗಿ ಕಡತಗಳನ್ನು ಕಾಪಿ ಮಾಡಿ ಅಂಟಿಸುವ ಅಡ್ಡದಾರಿ ಬೇಡ. ಹಾಗೆ ಮಾಡಿದರೆ ಹೊಸ ಖಾತೆಗಳಲ್ಲಿ ಸ್ಟಾರ್ಟ್ ಮೆನುವಿನಂಥವು ಕೆಡುವ ಸಾಧ್ಯತೆ ಇದೆ.

4. ಸ್ವಚ್ಛ ಮಾಡಿ. ಡೌನ್‌ಲೋಡ್ಸ್, ಬ್ರೌಸರಿನ ಇತಿಹಾಸ, ಉಳಿಸಿದ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್, ರೀಸೈಕಲ್ ಬಿನ್ ಎಲ್ಲವನ್ನೂ ನೋಡಿ ಅಳಿಸಿ. ಬೇರೆ ಬಳಕೆದಾರರ ಖಾತೆ ಇದ್ದರೆ ತೆಗೆಯಿರಿ.

5. 'ಸಿಸ್‌ಪ್ರೆಪ್' ನಡೆಸಿ. ಇದು ವಿಂಡೋಸ್‌ನೊಳಗೇ ಬರುವ ಸಾಧನ. 'ಜನರಲೈಜ್' ಮತ್ತು 'ಶಟ್‌ಡೌನ್' ಆಯ್ಕೆಗಳೊಂದಿಗೆ, ನಾವು ಬರೆದ ಉತ್ತರ ಕಡತವನ್ನೂ ತೋರಿಸಿ ನಡೆಸಿದರೆ ಆ ಯಂತ್ರಕ್ಕೆ ಮಾತ್ರ ಸೇರಿದ ಗುರುತುಗಳನ್ನು ತೆಗೆದು, ಕಂಪ್ಯೂಟರನ್ನು ಆಫ್ ಮಾಡುತ್ತದೆ.

6. ಇಮೇಜ್ ತೆಗೆಯಿರಿ. ಆಫ್ ಆದ ಕಂಪ್ಯೂಟರನ್ನು ಅದರ ಡಿಸ್ಕಿನಿಂದ ಮತ್ತೆ ಶುರುಮಾಡಬಾರದು. ಪೆನ್‌ಡ್ರೈವ್‌ನಿಂದ ಶುರುಮಾಡಿ ಮೈಕ್ರೋಸಾಫ್ಟ್‌ನ 'ಡಿಸ್ಮ್' ಅಥವಾ ಉಚಿತವಾಗಿ ಸಿಗುವ ಕ್ಲೋನ್‌ಜಿಲ್ಲಾ ತಂತ್ರಾಂಶದಿಂದ ಇಮೇಜ್ ತೆಗೆದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿಡಿ.

7. ಮೊದಲು ಒಂದೇ ಕಂಪ್ಯೂಟರಿಗೆ ಇಳಿಸಿ. ಹೊಸ ಖಾತೆ ತೆರೆದು, ವಿದ್ಯಾರ್ಥಿಯಂತೆ ಕುಳಿತು ಎಲ್ಲವನ್ನೂ ಬಳಸಿ ನೋಡಿ. ಸರಿಯಿದ್ದರೆ ಮಾತ್ರ ಉಳಿದವುಗಳಿಗೆ. ನೆನಪಿಡಿ, ಇಮೇಜ್ ಇಳಿಸಿದಾಗ ಆ ಡಿಸ್ಕಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಸಿಸ್‌ಪ್ರೆಪ್ ಬಿಟ್ಟರೆ ಏನಾಗುತ್ತದೆ?

ಪ್ರತಿ ವಿಂಡೋಸ್ ಕಂಪ್ಯೂಟರಿಗೂ 'ಎಸ್‌ಐಡಿ' ಎಂಬ ಗುರುತಿನ ಸಂಖ್ಯೆ ಇರುತ್ತದೆ. ಡಿಸ್ಕನ್ನು ನೇರವಾಗಿ ನಕಲು ಮಾಡಿದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಸಂಖ್ಯೆ. ಇದರಿಂದ ತೊಂದರೆಯೇನೂ ಇಲ್ಲ ಎಂದು ಮೈಕ್ರೋಸಾಫ್ಟ್‌ನ ತಜ್ಞ ಮಾರ್ಕ್ ರುಸಿನೋವಿಚ್ 2009ರಲ್ಲಿ ಬರೆದಿದ್ದರು. ಆದರೂ ಸಿಸ್‌ಪ್ರೆಪ್ ಮಾಡಿದ ಇಮೇಜ್‌ಗೆ ಮಾತ್ರ ಕಂಪನಿ ಬೆಂಬಲ ಕೊಡುತ್ತಿತ್ತು. 2025ರ ಆಗಸ್ಟ್ 29ರಿಂದ ಬಂದ ವಿಂಡೋಸ್ 11ರ ಅಪ್‌ಡೇಟ್‌ಗಳು ಈ ಸಂಖ್ಯೆಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸತೊಡಗಿದವು. ಒಂದೇ ಸಂಖ್ಯೆಯ ಎರಡು ಕಂಪ್ಯೂಟರುಗಳು ನೆಟ್‌ವರ್ಕಿನಲ್ಲಿ ಪರಸ್ಪರ ಲಾಗಿನ್ ಆಗಲು ಹೋದರೆ ಈಗ ಬಾಗಿಲು ತೆರೆಯುವುದಿಲ್ಲ. ಹದಿನಾರು ವರ್ಷ ನಡೆದ ಅಡ್ಡದಾರಿ ಒಂದು ಅಪ್‌ಡೇಟ್‌ನಿಂದ ಮುಚ್ಚಿತು.

ಲೈಸೆನ್ಸ್ ವಿಷಯವೂ ಇದೆ. ಹೀಗೆ ಒಂದೇ ಇಮೇಜನ್ನು ಹಲವು ಯಂತ್ರಗಳಿಗೆ ಇಳಿಸುವ ಹಕ್ಕು ಮೈಕ್ರೋಸಾಫ್ಟ್‌ನ ವಾಲ್ಯೂಮ್ ಲೈಸೆನ್ಸ್‌ನೊಂದಿಗೆ ಬರುತ್ತದೆ. ಕಂಪ್ಯೂಟರಿನ ಜೊತೆಗೆ ಬಂದ ವಿಂಡೋಸ್‌ಗೆ ಅದು ಅನ್ವಯಿಸುವುದಿಲ್ಲ.

ಕನ್ನಡ, ಉರ್ದು ಎರಡೂ ಮೊದಲ ದಿನದಿಂದ

ಡೀಫಾಲ್ಟ್ ಪ್ರೊಫೈಲ್‌ನಲ್ಲಿ ಏನಿರಬೇಕು ಎಂಬುದು ನಮ್ಮಂಥ ಕಾಲೇಜಿಗೆ ಮುಖ್ಯ ಪ್ರಶ್ನೆ. ನಮ್ಮಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಬರೆಯುವವರಿದ್ದಾರೆ. ವಿಂಡೋಸ್ ಕೇವಲ ಇಂಗ್ಲಿಷ್ ಕೀಲಿಮಣೆ ಇಟ್ಟುಕೊಂಡು ಬಂದರೆ, ಉಳಿದೆರಡು ಭಾಷೆ ಕಂಪ್ಯೂಟರಿಗೆ ಬರುವುದೇ ಇಲ್ಲ ಎಂದು ಹೊಸ ವಿದ್ಯಾರ್ಥಿ ತಿಳಿಯುತ್ತಾನೆ. ಆದರೆ ಎರಡೂ ಒಳಗೇ ಇವೆ. ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ. 2019ರಿಂದ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಫೊನೆಟಿಕ್ ಕೀಲಿಮಣೆಯೂ ಬಂದಿದೆ. ಕರ್ನಾಟಕದ ಕಚೇರಿಗಳಲ್ಲಿ ರೂಢಿಯಲ್ಲಿರುವ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನು ಬೇರೆಯಾಗಿ ಹಾಕಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದನ್ನು ನೀವು ನೋಡಿರುತ್ತೀರಿ. ಹೊಸದಾಗಿ ಬರೆಯುವಾಗ ಯೂನಿಕೋಡ್ ಬಳಸಿದರೆ ಈ ತೊಂದರೆ ಇಲ್ಲ.

ಉರ್ದುವಿಗೆ ಕೀಲಿಮಣೆ ಸೇರಿಸಿದರೆ ಸಾಲದು. ನಸ್ತಾಲೀಕ್ ಶೈಲಿಯ ಫಾಂಟ್ ಬೇಕು. ಅದಿಲ್ಲದಿದ್ದರೆ ಅಕ್ಷರಗಳು ಅರಬ್ಬಿಯ ನಸ್ಖ್ ಶೈಲಿಯಲ್ಲಿ ಕಾಣುತ್ತವೆ, ಉರ್ದು ಓದುವವರ ಕಣ್ಣಿಗೆ ಒಗ್ಗುವುದಿಲ್ಲ. ಗೂಗಲ್‌ನ 'ನೋಟೋ ನಸ್ತಾಲೀಕ್ ಉರ್ದು' ಉಚಿತವಾಗಿ ಸಿಗುತ್ತದೆ.

ಕಾಸರಗೋಡಿನ ಮಕ್ಕಳ ಕಂಪ್ಯೂಟರ್

ಇದೇ ಕೆಲಸವನ್ನು ಇಡೀ ರಾಜ್ಯಕ್ಕೆ ಮಾಡಿದ ಉದಾಹರಣೆ ನಮ್ಮ ಪಕ್ಕದ ಕೇರಳದಲ್ಲಿದೆ. ಅಲ್ಲಿನ ಸರ್ಕಾರ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಶುರುಮಾಡಿತು. 2017ರಲ್ಲಿ ಅದು 'ಕೈಟ್' ಎಂಬ ಸಂಸ್ಥೆಯಾಯಿತು. ಉಬುಂಟು ಲಿನಕ್ಸ್ ಅನ್ನು ಆಧಾರವಾಗಿಟ್ಟು, ಪಠ್ಯಕ್ಕೆ ಬೇಕಾದ ಜಿಯೋಜೀಬ್ರಾದಂಥ ತಂತ್ರಾಂಶಗಳನ್ನು ಮೊದಲೇ ಸೇರಿಸಿ ಶಾಲೆಗಳಿಗೆ ಕೊಡುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಪುಸ್ತಕದಲ್ಲಿ ಹೇಳಿದ ತಂತ್ರಾಂಶ ಲ್ಯಾಬಿನ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಲೈಸೆನ್ಸ್ ಶುಲ್ಕವೂ ಇಲ್ಲ.

ಲಿನಕ್ಸ್‌ನಲ್ಲಿ ಮಾದರಿ ಕೋಣೆಯ ಹೆಸರು 'ಸ್ಕೆಲ್', ಅಂದರೆ ಅಸ್ಥಿಪಂಜರ. ಅದು 'ಇಟಿಸಿ' ಎಂಬ ಫೋಲ್ಡರಿನೊಳಗೆ ಇರುತ್ತದೆ. ಅಲ್ಲಿ ಇಟ್ಟ ಕಡತಗಳು ಪ್ರತಿ ಹೊಸ ಬಳಕೆದಾರನಿಗೂ ಸಿಗುತ್ತವೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಇಲ್ಲದ ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಅಂಥವನ್ನು ಗುಜರಿಗೆ ಹಾಕುವ ಮೊದಲು ಈ ದಾರಿಯನ್ನು ಯೋಚಿಸಬಹುದು.

ನೀವು ಇಂದೇ ಮಾಡಬಹುದಾದದ್ದು

ಇಮೇಜ್ ತೆಗೆಯುವ ಕೆಲಸ ಎಲ್ಲರಿಗೂ ಬೇಕಾಗಿಲ್ಲ. ಆದರೆ ಮನೆಯಲ್ಲಿ ಅಣ್ಣ, ತಂಗಿ, ಅಬ್ಬಾ ಎಲ್ಲರಿಗೂ ಬೇರೆ ಬೇರೆ ಖಾತೆ ಮಾಡುವುದಾದರೆ ಮೊದಲು ನಿಮ್ಮ ಖಾತೆಯಲ್ಲಿ ಕನ್ನಡ, ಉರ್ದು ಕೀಲಿಮಣೆ ಸೇರಿಸಿ. ನಂತರ ಕಂಟ್ರೋಲ್ ಪ್ಯಾನೆಲ್‌ನ 'ರೀಜನ್' ತೆರೆದು, 'ಅಡ್ಮಿನಿಸ್ಟ್ರೇಟಿವ್' ಪುಟದಲ್ಲಿ 'ಕಾಪಿ ಸೆಟ್ಟಿಂಗ್ಸ್' ಒತ್ತಿ, 'ನ್ಯೂ ಯೂಸರ್ ಅಕೌಂಟ್ಸ್' ಎಂಬಲ್ಲಿ ಗುರುತು ಹಾಕಿ. ಮುಂದೆ ತೆರೆಯುವ ಪ್ರತಿ ಹೊಸ ಖಾತೆಗೂ ಆ ಕೀಲಿಮಣೆಗಳು ತಾವಾಗಿ ಬರುತ್ತವೆ.

ಸೂಪರ್ ಮಾರ್ಕೆಟ್ ಕಡೆ ಲ್ಯಾಪ್‌ಟಾಪ್ ರಿಪೇರಿಗೆ ಕೊಡುವಾಗ, ವಿಂಡೋಸ್ ಮತ್ತೆ ಹಾಕಬೇಕೆಂದರೆ ನಿಮ್ಮ ಕಡತಗಳನ್ನು ಮೊದಲು ಪೆನ್‌ಡ್ರೈವ್‌ಗೆ ತೆಗೆದಿಡಿ. ಆನ್‌ಲೈನ್ ಸೆಂಟರಿನಲ್ಲಿ ಅರ್ಜಿ ತುಂಬಿದರೆ ಎದ್ದು ಬರುವ ಮುನ್ನ ಲಾಗೌಟ್ ಮಾಡಿ, ಡೌನ್‌ಲೋಡ್ಸ್ ಫೋಲ್ಡರ್ ನೋಡಿ, ರೀಸೈಕಲ್ ಬಿನ್‌ನಿಂದಲೂ ಅಳಿಸಿ. ನಮ್ಮ ಲ್ಯಾಬಿನಲ್ಲೂ ಇದೇ ರೂಢಿಯಿರಲಿ.

ಲ್ಯಾಬಿನ ಕಂಪ್ಯೂಟರ್ ನಮ್ಮ ಕೈಗೆ ಬಂದ ಅಮಾನತ್. ನಮ್ಮ ನಂತರ ಕುಳಿತುಕೊಳ್ಳುವವರಿಗೆ ಬೇಕಾದದ್ದು ಅದರಲ್ಲಿ ಇರಬೇಕು, ನಮ್ಮ ಮುಂಚೆ ಕುಳಿತವರ ಗುಟ್ಟು ಅದರಲ್ಲಿ ಇರಬಾರದು. ಅಚ್ಚು ಮಾಡುವವರು ಈ ಎರಡನ್ನು ನೋಡಿಕೊಂಡರೆ ಉಳಿದದ್ದನ್ನು ತಂತ್ರಾಂಶ ನೋಡಿಕೊಳ್ಳುತ್ತದೆ.