ಘಾಟಿ ಇಳಿದು ಬಸದಿಗಳ ದರ್ಶನಕ್ಕೆ: ಬಯಲುಸೀಮೆಯ ಕುಟುಂಬಗಳಿಗೆ ಯಾತ್ರೆಯ ಯೋಜನೆ



ದೀಪಾವಳಿ ಮುಗಿದು ಚಾತುರ್ಮಾಸ ನಿಷ್ಠಾಪನೆಯಾದ ಕೂಡಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಸಮಾಜದ ಮನೆಗಳಿಂದ ನನಗೆ ಫೋನ್ ಬರತೊಡಗುತ್ತವೆ. "ಮೂಡಬಿದಿರೆ, ಕಾರ್ಕಳ, ಧರ್ಮಸ್ಥಳ ಮಾಡಿಕೊಂಡು ಬರಬೇಕಂತ ಮಾಡೇವ್ರಿ, ಮಕ್ಕಳಿಗೆ ಘಾಟಿನೂ ತೋರಿಸಿಧಂಗ ಆಗತೈತಿ, ಹೆಂಗ ಹೋಗೋದು ಛಲೋ?" ಇಂಡಿಯಲ್ಲಿ ಅಡತಿ ಅಂಗಡಿ ನಡೆಸುತ್ತ, ಬಿಡುವಿನಲ್ಲಿ ಇಂಥ ಯಾತ್ರೆಗಳ ವ್ಯವಸ್ಥೆ ನೋಡಿಕೊಳ್ಳುತ್ತ ಬಂದವನು ನಾನು. ಫೋನಿನಲ್ಲಿ ಪ್ರತಿಸಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಾವು ಬಯಲುಸೀಮೆಯವರು. ಕಣ್ಣು ಹಾಯಿಸಿದಷ್ಟೂ ತೊಗರಿ, ಜೋಳ, ಕಬ್ಬಿನ ಹೊಲ. ರಸ್ತೆ ಅಂದರೆ ಹಗ್ಗ ಎಳೆದಂತೆ ನೇರ. ನಮ್ಮ ಡ್ರೈವರುಗಳೂ ಅದೇ ರಸ್ತೆಯಲ್ಲಿ ಕೈ ಪಳಗಿಸಿಕೊಂಡವರು. ಮ್ಯಾಪಿನಲ್ಲಿ ಇಷ್ಟು ಕಿಲೋಮೀಟರ್, ಇಷ್ಟು ತಾಸು ಎಂದು ಲೆಕ್ಕ ಹಾಕಿ ಹೊರಡುತ್ತೇವೆ. ಘಾಟಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕಿಲೋಮೀಟರಿಗಿಂತ ಹೊತ್ತು ಮುಖ್ಯ. ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ, ಅದನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ನಮ್ಮ ಮನೆಯವರು, ಬೀಗರು ಸೇರಿ ಹನ್ನೊಂದು ಮಂದಿ ಒಂದು ಬಾಡಿಗೆ ಕ್ರೂಜರ್ ಮಾಡಿಕೊಂಡು ಹೋಗಿದ್ದೆವು. ಹೊಂಬುಜದಿಂದ ಹೊರಟಾಗಲೇ ಮಧ್ಯಾಹ್ನ ಮೀರಿತ್ತು. ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿಯೇ ಇಳಿಯೋಣ ಎಂದು ಹುಡುಗರು ಹಟ ಹಿಡಿದರು, ನಾನೂ ಹ್ಞೂಂ ಅಂದೆ. ಸೂರ್ಯ ಮುಳುಗುವುದನ್ನು ನೋಡುವ ಸಂಭ್ರಮದಲ್ಲಿ ಬುತ್ತಿ ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ನಮ್ಮವ್ವನಿಗೆ ಆಗ 78 ವರ್ಷ, ಸಕ್ಕರೆ ಕಾಯಿಲೆ ಬೇರೆ. ಹೊತ್ತು ಮುಳುಗಿದ ಮೇಲೆ ನೀರು ಕೂಡ ಮುಟ್ಟದ ನೇಮ ಅವಳದು. "ನನಗೇನ ಹಸಿವಿಲ್ಲ, ಚಿಂತಿ ಮಾಡಬ್ಯಾಡ್ರಿ" ಅಂದು ಸುಮ್ಮನೆ ಕುಳಿತಳು. ಕತ್ತಲಲ್ಲಿ ಇಳಿಯುವಾಗ ನಾಲ್ಕೈದು ತಿರುವು ದಾಟಿರಬೇಕು, ಸುಟ್ಟ ವಾಸನೆ. ಡ್ರೈವರ್ ಹುಡುಗ ಮೇಲಿನಿಂದಲೂ ಬ್ರೇಕಿನ ಮೇಲಿಟ್ಟ ಕಾಲು ತೆಗೆದಿರಲಿಲ್ಲ. ಗಾಡಿ ಬದಿಗೆ ನಿಲ್ಲಿಸಿ ನೋಡಿದರೆ ಮುಂದಿನ ಗಾಲಿಯಿಂದ ಹೊಗೆ. ಬ್ರೇಕು ತಣ್ಣಗಾಗುವ ತನಕ ಆ ಕತ್ತಲಲ್ಲಿ ಕುಳಿತು ಣಮೋಕಾರ ಹೇಳಿದೆವು. ಮೂಡಬಿದಿರೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಬೆಳಿಗ್ಗೆ ಬಸದಿಯ ಮೆಟ್ಟಿಲ ಬಳಿ ಅವ್ವ ಕಣ್ಣು ಕತ್ತಲೆ ಬಂದು ಕುಸಿದಳು. ದೇವರ ದಯೆ, ಏನೂ ಆಗಲಿಲ್ಲ. ಅವ್ವ ಈಗಿಲ್ಲ. ಆ ಯಾತ್ರೆಯ ಮಾತು ಬಂದಾಗಲೆಲ್ಲ ಅವಳು ನನ್ನನ್ನು ಒಂದು ದಿನವೂ ಬೈಯಲಿಲ್ಲ ಎಂಬುದೇ ನನಗೆ ಚುಚ್ಚುತ್ತದೆ.

ಅಂದಿನಿಂದ ನಾನು ಯಾವ ತಂಡ ಕಳಿಸಿದರೂ ದಿನದ ವೇಳಾಪಟ್ಟಿಯನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಬರೆಯುತ್ತೇನೆ. ಹೊತ್ತಿದ್ದಾಗಲೇ ಊಟ ಮುಗಿಸುವುದು ನಮ್ಮ ಮನೆಗಳಲ್ಲಿ ಹಿರಿಯರು ಪಾಲಿಸಿಕೊಂಡು ಬಂದ ನೇಮ. ಘಾಟಿಯನ್ನು ಕತ್ತಲಲ್ಲಿ ದಾಟಬಾರದು ಎಂಬುದು ಡ್ರೈವರುಗಳ ನೇಮ. ಮೊದಲನೆಯದನ್ನು ಸರಿಯಾಗಿ ಹಿಡಿದರೆ ಎರಡನೆಯದು ತಾನಾಗಿಯೇ ಕೂಡಿಬರುತ್ತದೆ.

ಒಂದು ದಿನದ ಲೆಕ್ಕ ಹಾಕಿ ತೋರಿಸುತ್ತೇನೆ. ಡಿಸೆಂಬರಿನಲ್ಲಿ ಮೂಡಬಿದಿರೆಯಲ್ಲಿ ಸೂರ್ಯ ಮುಳುಗುವುದು ಸಂಜೆ 6 ಗಂಟೆ ದಾಟಿ ಐದಾರು ನಿಮಿಷಕ್ಕೆ. ಊಟಕ್ಕೆ 5 ಗಂಟೆಗೆ ಕೂರಬೇಕು, ಅಂದರೆ 4.30ಕ್ಕೆ ಊರು ಮುಟ್ಟಿರಬೇಕು. ಕಾರ್ಕಳದಿಂದ ಮೂಡಬಿದಿರೆಗೆ 18 ಕಿ.ಮೀ.; 4 ಗಂಟೆಯೊಳಗೆ ಕಾರ್ಕಳ ಬಿಡಬೇಕು. ಅಲ್ಲಿ ಬಾಹುಬಲಿ ಸ್ವಾಮಿ, ಚತುರ್ಮುಖ ಬಸದಿ ಎರಡನ್ನೂ ಸಮಾಧಾನದಿಂದ ನೋಡಲು ಎರಡು ತಾಸು ಬೇಕು. ಅದಕ್ಕೂ ಮೊದಲು ವರಂಗದ ಕೆರೆ ಬಸದಿ ಮತ್ತು ಮಧ್ಯಾಹ್ನದ ಊಟ. ಹಾಗಾದರೆ ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವುದು 11.30ರ ಆಸುಪಾಸಿನಲ್ಲಿ ಆಗಬೇಕು. ಬೆಳಿಗ್ಗೆ 7 ಗಂಟೆಗೆ ಹೊಂಬುಜ ಬಿಟ್ಟರೆ ದಾರಿಯಲ್ಲಿ ಕುಂದಾದ್ರಿಯನ್ನೂ ಮಾಡಿಕೊಂಡು ಇದು ಸಾಧ್ಯ.

ಆಗುಂಬೆಯ ಸೂರ್ಯಾಸ್ತದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದನ್ನು ನೋಡಲೇಬೇಕೆಂದಿದ್ದರೆ ಹಿಂದಿನ ದಿನವೇ ಮೇಲೆ ಉಳಿದುಕೊಳ್ಳುವ ವ್ಯವಸ್ಥೆ ಮಾಡಿ, 5 ಗಂಟೆಗೆ ಬುತ್ತಿ ಮುಗಿಸಿ, ನೋಡಿ ಬಂದು ಮಲಗಿ, ಮರುದಿನ ಇಳಿಯಿರಿ. ನೋಡಿದ ಮೇಲೆ ಇಳಿಯುವುದಂತೂ ಬೇಡ. ನನ್ನನ್ನು ಕೇಳಿದರೆ, ಕುಂದಾದ್ರಿಯ ಮೇಲಿನ ಬೆಳಗಿನ ಮಂಜು ಅದಕ್ಕಿಂತ ಚೆಂದ. ಆಚಾರ್ಯ ಕುಂದಕುಂದರ ಹೆಸರಿನ ಬೆಟ್ಟ, ಮೇಲೆ ಪಾರ್ಶ್ವನಾಥ ಬಸದಿ. ರಸ್ತೆ ಕಡಿದು, ಕಿರಿದು. ದೊಡ್ಡ ಗಾಡಿಯವರು ಮೇಲೆ ಹತ್ತಿಸುವ ಸಾಹಸ ಮಾಡಬಾರದು.

ಇನ್ನು ಕಾಲದ ಮಾತು. ನಮ್ಮ ವಿಜಯಪುರ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಾಟಿಯ ಹಾದಿ ಹಿಡಿಯಬೇಡಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಂದು ಜೀವಹಾನಿಯಾಯಿತು. ಮುನಿಗಳು ಮಳೆಗಾಲದಲ್ಲಿ ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುವುದು ಜೀವದಯೆಗಾಗಿ. ಆ ಹಾದಿಯಲ್ಲಿ ನಮ್ಮ ಜೀವವೂ ಇದೆಯಲ್ಲ. ಒದ್ದೆ ಕಾಡಿನಲ್ಲಿ ಉಂಬಳದ ಕಾಟ ಬೇರೆ. ಹತ್ತಿದ ಉಂಬಳಕ್ಕೆ ಉಪ್ಪು ಸುರಿಯುವವರನ್ನು ನೋಡಿದ್ದೇನೆ. ಉಗುರಿನಿಂದ ಮೆಲ್ಲಗೆ ಸರಿಸಿ ಬಿಟ್ಟರೆ ಸಾಕು.

ನವೆಂಬರ್ ಕೊನೆಯಿಂದ ಫೆಬ್ರವರಿ ಒಳ್ಳೆಯ ಕಾಲ. ಮೇ ರಜೆಯಲ್ಲಿ ಹಗಲು ಉದ್ದ, ಸೂರ್ಯಾಸ್ತ 6.45ರ ಸುಮಾರಿಗೆ, ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಭಯ. ಘಾಟಿಯನ್ನು ಬೆಳಿಗ್ಗೆಯೇ ದಾಟಬೇಕು. ತಾರೀಖು ಗೊತ್ತುಮಾಡುವಾಗ ಪಂಚಾಂಗವನ್ನೂ ನೋಡಿ. ಅಷ್ಟಮಿ, ಚತುರ್ದಶಿಗೆ ಉಪವಾಸ ಇರುವ ಹಿರಿಯರಿದ್ದರೆ ಘಾಟಿಯ ದಿನ ಅಂದು ಬರದಂತೆ ನೋಡಿಕೊಳ್ಳಬೇಕು. ದಿಗ್ವ್ರತ ಹಿಡಿದವರು ಮನೆಯಲ್ಲಿದ್ದರೆ ಅವರ ಮಿತಿ ಎಲ್ಲಿಯವರೆಗೆ ಎಂದು ಗಾಡಿಗೆ ಮುಂಗಡ ಕೊಡುವ ಮೊದಲು ಕೇಳಿ. ಮುಂಗಡ ಕೊಟ್ಟ ಮೇಲೆ ಕೇಳಿ ಪೇಚಿಗೆ ಬಿದ್ದವರು ಇದ್ದಾರೆ.

ದಾರಿ ಹೀಗೆ. ಇಂಡಿ, ಸಿಂದಗಿಯವರು ವಿಜಯಪುರಕ್ಕೆ ಬಂದು ರಾಷ್ಟ್ರೀಯ ಹೆದ್ದಾರಿ 52 ಹಿಡಿದು ಕೊಲ್ಹಾರ, ಗದ್ದನಕೇರಿ ಕ್ರಾಸ್, ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿ ಸೇರಬೇಕು. ವಿಜಯಪುರದಿಂದ ಸುಮಾರು 200 ಕಿ.ಮೀ. ಬಾಗೇವಾಡಿಯವರು ವಿಜಯಪುರಕ್ಕೆ ಹಿಂದಕ್ಕೆ ಬರಬೇಕಿಲ್ಲ, ನೇರ ಕೊಲ್ಹಾರದಲ್ಲಿ ಕೂಡಿಕೊಳ್ಳಬಹುದು. ಕೊಲ್ಹಾರದಲ್ಲಿ ಗಡಿಗೆ ಮೊಸರು ಕಂಡ ಮೇಲೆ ಯಾರೂ ಸುಮ್ಮನೆ ಮುಂದೆ ಹೋಗುವುದಿಲ್ಲ. ನೇಮದವರು ಎಂದು ಹೆಪ್ಪು ಹಾಕಿದ್ದು ಎಂದು ಕೇಳಿ ಕೊಳ್ಳಿ, ಬೇಳೆಯ ಪದಾರ್ಥದ ಜೊತೆ ಕಲಸಬೇಡಿ. ಹುಬ್ಬಳ್ಳಿ ದಾಟಿದರೆ ವರೂರಿನ ನವಗ್ರಹ ತೀರ್ಥ. ಮೊದಲ ರಾತ್ರಿ ಅಲ್ಲಿಯೇ. ಮರುದಿನ ಹಾವೇರಿ, ರಾಣೆಬೆನ್ನೂರು, ಶಿವಮೊಗ್ಗ ಮೇಲೆ ಹೊಂಬುಜ. ಮುದ್ದೇಬಿಹಾಳದವರಿಗೆ ಹೆದ್ದಾರಿ 50ರಲ್ಲಿ ಹೊಸಪೇಟೆಗೆ ಹೋಗಿ, ಹರಪನಹಳ್ಳಿ, ಹರಿಹರದ ಮೇಲೆ ಶಿವಮೊಗ್ಗ ಸೇರುವುದು ಅನುಕೂಲ. ಎರಡನೆಯ ರಾತ್ರಿ ಹೊಂಬುಜದಲ್ಲಿ ಉಳಿದು ಪದ್ಮಾವತಿ ದೇವಿಯ ದರ್ಶನ ಮಾಡಿಕೊಂಡರೆ ಮೂರನೆಯ ದಿನ ಬೆಳಿಗ್ಗೆ ನಾನು ಮೇಲೆ ಹೇಳಿದ ಲೆಕ್ಕ ಶುರು.

ಆಗುಂಬೆಯಲ್ಲಿ 14 ಕಡಿದಾದ ತಿರುವುಗಳಿವೆ. ಅದು ಸಣ್ಣ ಗಾಡಿಗಳ ಹಾದಿ. ಐವತ್ತು ಸೀಟಿನ ಬಸ್ ಮಾಡಿಕೊಂಡು ಹೋಗುವ ತಂಡದವರು ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಾಟಿ ಮೇಲೆ ಅಂಕೋಲಾಕ್ಕೆ ಇಳಿದು ಕರಾವಳಿಯ ಹೆದ್ದಾರಿ ಹಿಡಿಯಲಿ.

ಗಾಡಿ ಗೊತ್ತುಮಾಡುವಾಗ ಬಾಡಿಗೆಯ ಮೊದಲು ಡ್ರೈವರನ್ನು ಕೇಳಿ: "ತಮ್ಮಾ, ಘಾಟಿ ಎಷ್ಟ ಸಲ ಇಳಿದೀ?" ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ, ನೂರಿನ್ನೂರು ರೂಪಾಯಿ ಹೆಚ್ಚಾದರೂ ಸರಿ. ಯಾವ ಗೇರಿನಲ್ಲಿ ಆ ಏರು ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು, ಅಂದರೆ ಹೆಚ್ಚಾಗಿ ಎರಡನೆಯದು, ತಿರುವಿನಲ್ಲಿ ಮೊದಲನೆಯದು. ಆಗ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಬರೀ ಬ್ರೇಕ್ ತುಳಿಯುತ್ತ ಇಳಿದರೆ ಅದು ಕಾದು, ಎಣ್ಣೆ ಕುದಿದು, ಕೊನೆಗೆ ಪೆಡಲ್ ನೆಲಕ್ಕೆ ಹೋದರೂ ಗಾಡಿ ನಿಲ್ಲುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಟ ನಮ್ಮ ಕಡೆಯವರಿಗಿದೆ. ಘಾಟಿಯಲ್ಲಿ ಅದು ಜೀವಕ್ಕೇ ಕುತ್ತು. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ತಾಸು ಸುಮ್ಮನೆ ಬಿಡಿ. ಕಾದ ಗಾಲಿಗೆ ನೀರು ಹಾಕಬಾರದು. ಏರಿ ಬರುವ ಗಾಡಿಗೆ ದಾರಿ ಬಿಡಬೇಕು, ತಿರುವಿನಲ್ಲಿ ಹಾರ್ನ್ ಹಾಕಬೇಕು, ಮಂಜು ಮುಸುಕಿದರೆ ಲೈಟು ಕೆಳಗೆ ಮಾಡಿಕೊಳ್ಳಬೇಕು. ಮೇಲೆ ಮಾಡಿದರೆ ಬಿಳಿ ಗೋಡೆಯೇ ಕಾಣುತ್ತದೆ. ಕೋತಿಗಳಿಗೆ ತಿನಿಸು ಎಸೆಯುವುದು ದಯೆಯೆಂದು ನಮ್ಮವರು ತಿಳಿದಿದ್ದಾರೆ. ಅದೇ ಆಸೆಗೆ ಅವು ರಸ್ತೆಗೆ ಬಂದು ಗಾಲಿಗೆ ಸಿಗುತ್ತವೆ.

ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುವುದು ಸಹಜ. ಬೆಳಿಗ್ಗೆ ಹೊಟ್ಟೆ ತುಂಬ ಪೂರಿ, ಭಜಿ ತಿನ್ನಿಸದೆ ಒಂದಿಷ್ಟು ಅವಲಕ್ಕಿ ಕೊಡಿ, ಮುಂದಿನ ಸೀಟಿನಲ್ಲಿ ಕೂರಿಸಿ. ಹಸಿ ಶುಂಠಿ ಕಂದಮೂಲವಾಯಿತು. ಒಣ ಶುಂಠಿ ಬೆಲ್ಲ ನಮ್ಮ ಮನೆಗಳಲ್ಲಿ ನಡೆಯುತ್ತದೆ. ನಮ್ಮ ಇಂಡಿಯ ನಿಂಬೆಹಣ್ಣು ನಾಲ್ಕು ಕಿಸೆಯಲ್ಲಿರಲಿ, ಮೂಸಿದರೆ ಹಾಯೆನಿಸುತ್ತದೆ.

ಊಟದ ವಿಷಯಕ್ಕೆ ದಾರಿಯ ಹೋಟೆಲ್ ನಂಬಬೇಡಿ. ಸಾಂಬಾರಿನಲ್ಲಿ ಉಳ್ಳಾಗಡ್ಡಿ, ಬಟಾಟೆ ಇಲ್ಲದಿರುವುದು ಅಪರೂಪ. ಕಟಕ ರೊಟ್ಟಿ, ಬಳ್ಳೊಳ್ಳಿ ಹಾಕದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡರೆ ಮೂರು ದಿನಕ್ಕೆ ಅಡ್ಡಿಯಿಲ್ಲ. ಕ್ಷೇತ್ರಗಳ ವಸತಿ, ಭೋಜನಕ್ಕೆ ಎರಡು ವಾರ ಮೊದಲೇ ಮಾತಾಡಿ, ಎಷ್ಟು ಮಂದಿ, ಎಷ್ಟು ಗಂಟೆಗೆ ಬರುತ್ತೇವೆ ಎಂದು ತಿಳಿಸಿ. ಸಂಜೆ 5ಕ್ಕೆ ಊಟ ಬೇಕೆಂದು ಬಾಯಿಬಿಟ್ಟು ಹೇಳಬೇಕು. ನೀರು ಸೋಸುವ ಅರಿವೆ, ಒಂದು ಕೊಡ ಗಾಡಿಯಲ್ಲೇ ಇರಲಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರ ಗುಳಿಗೆ, ಬುತ್ತಿ ಡಿಕ್ಕಿಯಲ್ಲಿ ಅಲ್ಲ, ಅವರ ಕೈಚೀಲದಲ್ಲಿ. ಫೋನಿನಲ್ಲಿ 4.45ಕ್ಕೆ ಅಲಾರಂ ಇಡಿ; ಎಲ್ಲಿದ್ದರೂ ಆಗ ಬುತ್ತಿ ಬಿಚ್ಚಬೇಕು. ಈ ಕೆಲಸವನ್ನು ಮನೆಯ ಒಬ್ಬ ಮೊಮ್ಮಗನಿಗೋ ಮೊಮ್ಮಗಳಿಗೋ ಒಪ್ಪಿಸಿದರೆ ತಪ್ಪುವುದಿಲ್ಲ.

ಇಳಿದ ಮೇಲೆ ನೋಡುವುದಕ್ಕೆ ಅವಸರ ಮಾಡಬೇಡಿ. ಕಾರ್ಕಳದ ಬಾಹುಬಲಿ 1432ರದು, 42 ಅಡಿ. ಚತುರ್ಮುಖ ಬಸದಿ 1586ರದು, ನಾಲ್ಕೂ ದಿಕ್ಕಿಗೆ ಬಾಗಿಲು. ಮೂಡಬಿದಿರೆಯಲ್ಲಿ ಸಾವಿರ ಕಂಬದ ಬಸದಿಯೊಂದನ್ನೇ ನೋಡಿ ಹೊರಡುವವರೇ ಬಹಳ; ಊರಿನಲ್ಲಿ 18 ಬಸದಿಗಳಿವೆ, ಗುರು ಬಸದಿಯನ್ನಾದರೂ ಬಿಡಬಾರದು. ಅಲ್ಲಿ ಎರಡು ರಾತ್ರಿ ಇರಿ. ನಂತರ 1604ರಲ್ಲಿ ಪ್ರತಿಷ್ಠೆಯಾದ ವೇಣೂರಿನ ಬಾಹುಬಲಿ, ಧರ್ಮಸ್ಥಳ.

ಮರಳುವಾಗ ಉಜಿರೆಯಿಂದ ಚಾರ್ಮಾಡಿ ಏರಬೇಕು. ಹೊರಡುವ ಹಿಂದಿನ ದಿನ ರಸ್ತೆ ತೆರೆದಿದೆಯೇ ಎಂದು ಸ್ಥಳೀಯರನ್ನು ಕೇಳಿ. ಬೆಳಿಗ್ಗೆ ಮಂಜು ತಿಳಿಯಾದ ಮೇಲೆ, ಎಂಟರ ನಂತರ ಹೊರಟರೆ ಸಾಕು. ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರಿನ ಮೇಲೆ ಹಳೇಬೀಡು. ದೊಡ್ಡ ಗುಡಿಯಿಂದ ಸ್ವಲ್ಪ ದೂರದಲ್ಲಿಯೇ ಮೂರು ಬಸದಿಗಳಿವೆ, ಜನಜಂಗುಳಿ ಇಲ್ಲ. ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳಲ್ಲಿ ಮಕ್ಕಳು ತಮ್ಮ ಮುಖ ನೋಡಿಕೊಳ್ಳುತ್ತಾರೆ. ಸಂಜೆಗೆ ಶ್ರವಣಬೆಳಗೊಳ. ವಿಂಧ್ಯಗಿರಿಯನ್ನು ಮರುದಿನ ಮುಂಜಾನೆ ಹತ್ತಿ. ಬಿಸಿಲೇರಿದ ಮೇಲೆ ಬರಿಗಾಲಿಗೆ ಆ ಬಂಡೆ ಕಷ್ಟ.

ಅಲ್ಲಿಂದ ಊರಿಗೆ 550 ಕಿ.ಮೀ. ಮೇಲೆಯೇ. "ಘಾಟಿ ಮುಗೀತಲ್ಲ, ರಾತ್ರಿಯೆಲ್ಲ ಹೊಡದರ ಮುಂಜಾನೆ ಅಂಗಡಿ ತಗೀಬಹುದು" ಅನ್ನುವವರು ನಮ್ಮ ವ್ಯಾಪಾರಸ್ಥರೇ. ಐದು ದಿನ ಗಾಡಿ ಹೊಡೆದ ಡ್ರೈವರಿಗೆ ಆ ನೇರ ರಸ್ತೆಯಲ್ಲೇ ನಿದ್ದೆ ಬರುವುದು. ಚಿತ್ರದುರ್ಗದಲ್ಲೋ ಹೊಸಪೇಟೆಯಲ್ಲೋ ಒಂದು ರಾತ್ರಿ ತಂಗಿ, ಬೆಳಿಗ್ಗೆ ಹೆದ್ದಾರಿ 50ರಲ್ಲಿ ಹುನಗುಂದ, ನಿಡಗುಂದಿ ಮೇಲೆ ಮನೆ ಸೇರಿ. ಅಂಗಡಿಯನ್ನು ಮರುದಿನ ತೆಗೆದರಾಯಿತು.