ಒಂದು ಬೋಲ್ಟಿಗಾಗಿ ಮೂರು ಊರು

ಮಲೆ ಮಹದೇಶ್ವರನ ಬೆಟ್ಟಕ್ಕೆ ಹೊರಟವರು ಹನೂರಿನಿಂದಲೇ ಹಿಂದಿರುಗಿದರೆಂದರೆ, ಅಪಶಕುನವಾಯಿತೇನೋ ಎಂದು ಕೇಳಿದವರು ಶಂಕಿಸುವುದು ಸಹಜ. ನಮ್ಮನ್ನು ಹಿಂದಿರುಗಿಸಿದ್ದು ಬೆಕ್ಕೂ ಅಲ್ಲ, ಒಂಟಿ ಸೀನೂ ಅಲ್ಲ; ಕಿರುಬೆರಳಿಗಿಂತ ಸಣ್ಣದಾದ ಒಂದು ಉಕ್ಕಿನ ತುಂಡು.

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ಒಂದು ಅಂಬಾಸಿಡರ್ ಕಾರೂ ಸೇರಿದೆ. 1970ರಲ್ಲಿ ಕೊಂಡ ಮಾರ್ಕ್ 2 ಮಾದರಿ. ಅದೇ ಕಾರಿನಲ್ಲಿ ಬೆಟ್ಟಕ್ಕೆ ಬರುತ್ತೇನೆಂದು ತಾಯಿಯವರು ಹರಕೆ ಹೊತ್ತಿದ್ದರು. ಮೈಸೂರಿನಿಂದ ಹೊರಟು, ರಾತ್ರಿ ಯಳಂದೂರಿನ ಸೋದರಮಾವನ ಮನೆಯಲ್ಲಿ ತಂಗಿ, ಬೆಳಗ್ಗೆ ಕೊಳ್ಳೇಗಾಲದ ಮೇಲೆ ಹನೂರಿನ ದಾರಿ ಹಿಡಿದೆವು. ಕೊಳ್ಳೇಗಾಲವನ್ನು ದಾಟುತ್ತಿದ್ದಂತೆ ಎಂಜಿನ್ನಿನ ಕಡೆಯಿಂದ ಟಪಟಪನೆ ಸದ್ದು ಕೇಳತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದಿಗೆ ಹುರುಪು. ಹನೂರು ಸೇರುವ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದ ಮಗಳು ತಲೆನೋವೆಂದು ಅಜ್ಜಿಯ ತೊಡೆಯ ಮೇಲೆ ಮಲಗಿಬಿಟ್ಟಿದ್ದಳು.

ಅಲ್ಲಿನ ಮೆಕ್ಯಾನಿಕ್ ಹುಡುಗ ಬಾನೆಟ್ ಎತ್ತಿ, ಬಗ್ಗಿ ನೋಡಿ, “ಸ್ಟಡ್ ಮುರಿದಿದೆ ಸಾರ್. ಹೊಗೆಯೆಲ್ಲ ಇಲ್ಲಿಂದಲೇ ಬರ್ತಾ ಇದೆ. ಮಗು ಕೂರಿಸಿಕೊಂಡು ಬೆಟ್ಟ ಹತ್ತಬೇಡಿ,” ಎಂದನು.

ಅವನ ಮಾತಿನ ತೂಕ ನನಗೆ ಆಮೇಲೆ ತಿಳಿಯಿತು. ಸಿಲಿಂಡರುಗಳಲ್ಲಿ ಉರಿದ ಅನಿಲವನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಕೊಳವೆಗೆ ಸಾಗಿಸುವ ಎರಕದ ಕಬ್ಬಿಣದ ಕವಲುಗೊಳವೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅದು ಎಂಜಿನ್ನಿಗೆ ಬಿಗಿಯಾಗಿ ಅಂಟಿಕೊಂಡಿರದಿದ್ದರೆ ಅನಿಲವು ಬಾನೆಟ್ಟಿನ ಕೆಳಗೇ ಸೋರಿ, ಪೆಡಲುಗಳ ಸಂದಿಯಿಂದ ಒಳಗೆ ನುಸುಳುತ್ತದೆ. ಅದರಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಆಕ್ರಮಿಸುತ್ತದೆ. ಮೊದಲ ಸೂಚನೆ ತಲೆನೋವು. ಮುಂದಿನದನ್ನು ಬರೆಯಲು ಮನಸ್ಸಾಗದು. ತಾಳಬೆಟ್ಟದಿಂದ ಮೇಲಕ್ಕೆ 27 ತಿರುವುಗಳನ್ನು ಕೆಳಗಿನ ಗೇರಿನಲ್ಲಿ ಏರುತ್ತ ಹೋಗಿದ್ದರೆ ಏನಾಗುತ್ತಿತ್ತೋ!

ಸ್ವಲ್ಪ ಹೊತ್ತು ಗಾಳಿಯಲ್ಲಿ ಕುಳಿತ ಮೇಲೆ ಮಗಳು ಚೇತರಿಸಿಕೊಂಡಳು. “ಹರಕೆ ನಿಲ್ಲಕೂಡದಪ್ಪ. ನೀನು ಕಾರು ನೋಡಿಕೊ,” ಎಂದು ತಾಯಿಯವರು ಬಸ್ಸು ಹತ್ತಿಯೇಬಿಟ್ಟರು. ಹೆಂಡತಿ, ಮಗಳು ಅವರ ಜೊತೆಗೆ ಹೋದರು. ನಾನೊಬ್ಬನೇ ಕಿಟಕಿಗಳನ್ನೆಲ್ಲ ತೆರೆದು ಆಮೆಯ ನಡಿಗೆಯಲ್ಲಿ ಕೊಳ್ಳೇಗಾಲಕ್ಕೆ ಮರಳಿದೆ.

ಬೋಲ್ಟೆಂದು ನಾವು ಬಾಯಿಮಾತಿಗೆ ಕರೆಯುವ ವಸ್ತು ವಾಸ್ತವವಾಗಿ ಸ್ಟಡ್; ತಲೆಯಿಲ್ಲದೆ ಎರಡೂ ತುದಿಗೆ ಥ್ರೆಡ್, ಎಂದರೆ ತಿರುಪಿನ ಸುತ್ತು, ಇರುವ ಸಲಾಕೆ. ಒಂದು ತುದಿ ಎಂಜಿನ್ನಿನ ಹೆಡ್ಡಿನೊಳಗೆ, ಇನ್ನೊಂದಕ್ಕೆ ನಟ್ಟು. ಕೊಳ್ಳೇಗಾಲದ ಅಂಗಡಿಯವರು “ಅಂಬಾಸಿಡರಿಗೆ ತಾನೆ?” ಎಂದು ಕೇಳಿ ಥಳಥಳಿಸುವ ಸ್ಟಡ್ಡುಗಳನ್ನೂ ನಟ್ಟುಗಳನ್ನೂ ಕೊಟ್ಟರು. ಗಟ್ಟಿಯಾಗಿ ಉಳಿದಿದ್ದ ಹಳೆಯ ಸ್ಟಡ್ಡಿಗೆ ಹೊಸ ನಟ್ಟನ್ನು ಹಾಕಿ ನೋಡಿದೆ. ಎರಡು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಂಡಿತು. ಸ್ಪ್ಯಾನರಿನಿಂದ ಇನ್ನೊಂದು ಸುತ್ತು ತಿರುವಲು ಕೈ ತುರಿಸಿದ್ದು ಸುಳ್ಳಲ್ಲ. ತಿರುವಿದ್ದರೆ ಆ ಸ್ಟಡ್ಡೂ ಕೆಡುತ್ತಿತ್ತು.

ಅಂಗಡಿಯವರದು ಪೂರ್ತಿ ತಪ್ಪೆನ್ನಲಾಗದು. ಹೆಸರು ಒಂದೇ ಆದರೂ ಅಂಬಾಸಿಡರಿನ ಹೊಟ್ಟೆಯಲ್ಲಿದ್ದ ಎಂಜಿನ್ನು ಒಂದೇ ಅಲ್ಲ. ನಮ್ಮದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮನೆತನದ 1489 ಸಿ.ಸಿ. ಎಂಜಿನ್ನು, ಅಳತೆಯೆಲ್ಲ ಇಂಚಿನದು. 1992ರ ಬಳಿಕ ಬಂದ ಇಸುಜು ಎಂಜಿನ್ನು ಮಿಲಿಮೀಟರಿನ ವಂಶದ್ದು. 2014ರಲ್ಲಿ ಉತ್ತರಪಾಡಾದ ಕಾರ್ಖಾನೆ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಈ ಭೇದವನ್ನು ನೆನಪಿಟ್ಟುಕೊಂಡವರೂ ವಿರಳರಾದರು. ನಮಗೆ ಬೇಕಾದುದು 5/16 ಇಂಚು, ಎಂದರೆ 7.94 ಮಿಲಿಮೀಟರ್, ಸಿಕ್ಕಿದ್ದು 8 ಮಿಲಿಮೀಟರ್. ಕೂದಲೆಳೆಯಷ್ಟು ಅಂತರ! ಕಣ್ಣಿಗಂತೂ ಅವಳಿಜವಳಿ. ಆದರೆ ಒಂದರಲ್ಲಿ ಇಂಚಿಗೆ 24 ಸುತ್ತು. ಇನ್ನೊಂದರಲ್ಲಿ ಸುತ್ತಿನಿಂದ ಸುತ್ತಿಗೆ 1.25 ಮಿಲಿಮೀಟರ್, ಅಂದರೆ ಇಂಚಿಗೆ ಇಪ್ಪತ್ತರ ಆಸುಪಾಸು.

ಈ ಸುತ್ತುಗಳ ಕಥೆಯೂ ಸ್ವಾರಸ್ಯವಾಗಿದೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರು 55 ಡಿಗ್ರಿ ಕೋನದ ಥ್ರೆಡ್ಡನ್ನು ಮಾದರಿಯಾಗಿ ಸೂಚಿಸಿದರು. ಅಮೆರಿಕದವರು 60 ಡಿಗ್ರಿಯನ್ನು ಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂಡದೆ ಪರದಾಡಿದ ಮೇಲೆ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು ಕೂಡಿ ಯೂನಿಫೈಡ್ ಥ್ರೆಡ್ ಎಂಬ ಒಪ್ಪಂದಕ್ಕೆ ಬಂದವು. ನಮ್ಮ ಸ್ಟಡ್ಡಿನ ಯು.ಎನ್.ಎಫ್. ಸುತ್ತು ಆ ಒಪ್ಪಂದದ ಕೂಸು. ಇತ್ತ ನಮ್ಮ ದೇಶ 1956ರಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಮಾಡಿತು. ಕೊಳ್ಳೇಗಾಲ ಮದರಾಸಿನ ಆಡಳಿತದಿಂದ ಮೈಸೂರು ರಾಜ್ಯಕ್ಕೆ ಬಂದದ್ದೂ ಅದೇ ವರ್ಷ. ಊರು ರಾಜ್ಯ ಬದಲಿಸಿತು, ದೇಶ ಅಳತೆ ಬದಲಿಸಿತು. ನಮ್ಮ ಕಾರು ಮಾತ್ರ ಇಂಚನ್ನು ಬಿಡಲಿಲ್ಲ.

“ಇಂಚಿನ ನಟ್ಟು ಬೇಕಾದರೆ ಟ್ರ್ಯಾಕ್ಟರ್ ಅಂಗಡಿಗೆ ಹೋಗಿ ಸ್ವಾಮಿ,” ಎಂದು ದಾರಿ ತೋರಿಸಿದವರು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬ ರೈತರು. ನಿಜವೇ! ಮ್ಯಾಸಿ ಫರ್ಗುಸನ್ನಿನಂಥ ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಚಿನ ಥ್ರೆಡ್ಡು ಇನ್ನೂ ಜೀವಂತವಾಗಿದೆ. ಅಲ್ಲಿ ದೊರೆತ ಉಕ್ಕಿನ ನಟ್ಟು ಬೆರಳಿನಿಂದಲೇ ಕೊನೆಯವರೆಗೂ ಸರಸರನೆ ಇಳಿಯಿತು. ಅಂದು ನನಗಾದ ಸಂತೋಷ ಮೊದಲ ಸಂಬಳದ ದಿನವೂ ಆಗಿರಲಿಲ್ಲ.

ಆದರೆ ಸ್ಟಡ್ ಸಿಗಲಿಲ್ಲ. ಸಂಜೆ ಯಳಂದೂರಿಗೆ ಬಂದಾಗ ಸೋದರಮಾವನವರು ಪರಿಚಯದ ಲೇತ್ ಕೆಲಸದವರಲ್ಲಿಗೆ ಕರೆದೊಯ್ದರು. ವಯಸ್ಸಾದವರು, ಮಿತಭಾಷಿಗಳು. ಬಾಚಣಿಗೆಯ ಹಲ್ಲಿನಂಥ ಎಲೆಗಳುಳ್ಳ ಗೇಜನ್ನು ತೆಗೆದು, ಬಿಚ್ಚಿದ ಸ್ಟಡ್ಡಿನ ಮೇಲೆ ಒಂದೊಂದೇ ಎಲೆಯನ್ನಿಟ್ಟು, ಬೆಳಕಿಗೆ ಹಿಡಿದು ನೋಡಿದರು. ಬೆಳಕು ಎಲ್ಲಿಯೂ ನುಸುಳದ ಎಲೆಯೇ ಸರಿಯಾದ ಎಲೆ. ಸ್ಟಡ್ಡಿನ ಎರಡು ತುದಿಗಳ ಸುತ್ತು ಒಂದೇ ಆಗಿರಬೇಕೆಂಬ ನಿಯಮವಿಲ್ಲವಾದ್ದರಿಂದ ಎರಡನ್ನೂ ಅಳೆದರು.

ನಾನು ತಂದಿದ್ದ ಉಕ್ಕಿನ ನಟ್ಟುಗಳನ್ನು ಅವರು ಬದಿಗಿಟ್ಟುಬಿಟ್ಟರು. “ಇಲ್ಲಿಗೆ ಹಿತ್ತಾಳೆಯದೇ ಆಗಬೇಕು. ಕಾದು ಕಾದು ಉಕ್ಕು ಉಕ್ಕಿಗೇ ತುಕ್ಕು ಹಿಡಿದು ಕೂತರೆ, ನಾಳೆ ಬಿಚ್ಚುವವನು ಸ್ಟಡ್ಡನ್ನೇ ಮುರೀತಾನೆ.” ಹೊಳೆಯುವ ಸ್ಟೇನ್‌ಲೆಸ್ ಸ್ಟೀಲು ಒಳ್ಳೆಯದಲ್ಲವೇ ಎಂದು ಕೇಳಿದೆ. ಅದು ತನ್ನ ಜಾತಿಯ ಲೋಹದೊಡನೆ ಉಜ್ಜಿದರೆ ಕಚ್ಚಿಕೊಳ್ಳುವುದೇ ಹೆಚ್ಚೆಂದರು.

ಮುರಿದ ತುಂಡಿಗೆ ರಾತ್ರಿಯೆಲ್ಲ ಸೀಮೆಎಣ್ಣೆಯ ಅಭ್ಯಂಜನ. ಬೆಳಗ್ಗೆ ಅದರ ತುದಿಗೆ ಒಂದು ನಟ್ಟನ್ನು ವೆಲ್ಡ್ ಮಾಡಿ, ಬಿಸಿಯಾರುವಾಗ ಹಿಂದೆ ಮುಂದೆ ಆಡಿಸುತ್ತ ಹೊರತೆಗೆದರು. ಅನಂತರ ಅವರು ಮಾಡಿದ ಕೆಲಸವನ್ನು ನಾನು ನಿರೀಕ್ಷಿಸಿರಲಿಲ್ಲ. ಹೊಸ ಸ್ಟಡ್ ಕಡೆಯುವುದನ್ನು ಬಿಟ್ಟು, ಮ್ಯಾನಿಫೋಲ್ಡನ್ನು ಬಿಚ್ಚಿ ಅದರ ಕಿವಿಗಳ ದಪ್ಪವನ್ನು ಅಳೆಯುತ್ತ ಕುಳಿತರು. ಈ ಎಂಜಿನ್ನಿನಲ್ಲಿ ಗಾಳಿ ಪೆಟ್ರೋಲು ಒಳಬರುವ ಕೊಳವೆಯೂ ಹೊಗೆ ಹೊರಹೋಗುವ ಕೊಳವೆಯೂ ಒಂದೇ ಮಗ್ಗುಲಿನಲ್ಲಿವೆ. ಎರಡರ ಅಂಚನ್ನೂ ಒಂದೇ ದಪ್ಪ ವಾಷರ್ ಅದುಮಿ ಹಿಡಿಯುತ್ತದೆ. ಹಿಂದೆಂದೋ ಯಾರೋ ಬದಲಾಯಿಸಿದ ಮ್ಯಾನಿಫೋಲ್ಡಿನ ಕಿವಿ ಪಕ್ಕದ್ದಕ್ಕಿಂತ ದಪ್ಪವಾಗಿದ್ದಿತು. ವಾಷರ್ ಓರೆಯಾಗಿ ಕುಳಿತು, ಸ್ಟಡ್ಡನ್ನು ವರ್ಷಗಟ್ಟಲೆ ಬಗ್ಗಿಸುತ್ತ ಬಂದು ಕಡೆಗೆ ಮುರಿದಿತ್ತು. “ಇದನ್ನು ಸಮ ಮಾಡದೆ ಚಿನ್ನದ ಸ್ಟಡ್ ಹಾಕಿದರೂ ಮುರೀತದೆ,” ಎಂದರು.

ಕಿವಿಗಳನ್ನು ಸಮಮಾಡಿ, ಉಕ್ಕಿನ ಸ್ಟಡ್ಡುಗಳನ್ನು ಕಡೆದು, ಹಿತ್ತಾಳೆಯ ಆರುಮೂಲೆ ಸಲಾಕೆಯಿಂದ ನಟ್ಟುಗಳನ್ನು ಕತ್ತರಿಸಿ ಥ್ರೆಡ್ ಹಾಕಿ, ಹೊಸ ಪ್ಯಾಕಿಂಗ್ ಕೂರಿಸುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ನಡುವಿನಿಂದ ಆರಂಭಿಸಿ ಎರಡೂ ಕಡೆಗೆ ಸ್ವಲ್ಪಸ್ವಲ್ಪವಾಗಿ ಬಿಗಿದರು. ಅತಿಯಾಗಿ ಬಿಗಿದರೆ ಎರಕದ ಕಬ್ಬಿಣದ ಕಿವಿಯೇ ಸೀಳುತ್ತದಂತೆ. ಕೆಲವು ದಿನ ಓಡಿಸಿ, ಎಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿಯಬೇಕೆಂದು ಹೇಳಿ ಕಳುಹಿಸಿದರು.

ಅಷ್ಟರಲ್ಲಿ ತಾಯಿಯವರು ದರ್ಶನ ಮುಗಿಸಿ, ಲಾಡು ಪ್ರಸಾದದೊಡನೆ ಯಳಂದೂರಿಗೆ ಬಂದಿದ್ದರು. ಆದರೆ ಹರಕೆ ಕಾರಿನದಲ್ಲವೇ! ಎರಡು ತಿಂಗಳ ತರುವಾಯ ಮತ್ತೆ ಹೊರಟೆವು. 27 ತಿರುವುಗಳಲ್ಲಿಯೂ ಟಪಟಪ ಸದ್ದಿರಲಿಲ್ಲ. ಡ್ಯಾಷ್‌ಬೋರ್ಡಿನ ಗೂಡಿನಲ್ಲಿ, ಲೇತಿನವರು ಹೆಚ್ಚಿಗೆ ಮಾಡಿಕೊಟ್ಟ ನಾಲ್ಕು ಹಿತ್ತಾಳೆ ನಟ್ಟುಗಳು ಕುಂಕುಮದ ಡಬ್ಬಿಯಲ್ಲಿ ಗಲಗಲಿಸುತ್ತಿದ್ದವು. ತಾಯಿಯವರು ಮಾತ್ರ ಯಾವುದಕ್ಕೂ ಇರಲೆಂದು, ಚಳಿಯಿದ್ದರೂ ಕಿಟಕಿಯ ಗಾಜನ್ನು ಬೆಟ್ಟದ ತುದಿಯವರೆಗೆ ಏರಿಸಗೊಡಲಿಲ್ಲ.