ಸತ್ತ ನಕ್ಷತ್ರದ ಬಿಸಿ ಆರಿಲ್ಲ!

ಕಾರ್ತಿಕ ಕಳೆದ ಮೇಲೆ ರಾತ್ರಿ ಎಂಟರ ಹೊತ್ತಿಗೆ ಕೂಡ್ಲಿಗಿಯಲ್ಲೋ ಕೊಟ್ಟೂರಿನಲ್ಲೋ ಊರ ದೀಪಗಳಿಂದಾಚೆ ನಿಂತು ಉತ್ತರಕ್ಕೆ ನೋಡಿ. ಐದು ಚುಕ್ಕಿಗಳು ಇಂಗ್ಲಿಷಿನ 'ಎಂ' ಅಕ್ಷರದಂತೆ ಕಾಣುತ್ತವೆ. ಅದು ಕ್ಯಾಸಿಯೋಪಿಯಾ. ಅಲ್ಲೇ, ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿ, ಸಿಡಿದ ನಕ್ಷತ್ರವೊಂದರ ಅವಶೇಷವಿದೆ: ಕ್ಯಾಸಿಯೋಪಿಯಾ-ಎ. ಬರಿಗಣ್ಣಿಗೆ ಕಾಣದು, ಎಕ್ಸ್‌-ಕಿರಣದಲ್ಲಾದರೆ ಧಗಧಗ!

ಸ್ಫೋಟದ ಆಘಾತದ ಅಲೆ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತ ಅನಿಲವನ್ನು ಕೋಟಿಗಟ್ಟಲೆ ಡಿಗ್ರಿಗೆ ಕಾಯಿಸುತ್ತದೆ. ಇನ್ನೂ ಸ್ವಾರಸ್ಯದ್ದು ಮುಂದಿದೆ. ಕಾಂತಕ್ಷೇತ್ರಕ್ಕೆ ಸಿಕ್ಕ ಕಣಗಳು ಅಲೆಯ ಆಚೆಗೂ ಈಚೆಗೂ ಪುಟಿಯುತ್ತವೆ. ಹತ್ತಿರ ಸರಿಯುವ ಎರಡು ಗೋಡೆಗಳ ನಡುವಿನ ಚೆಂಡಿನಂತೆ ಪ್ರತಿ ಪುಟಿತಕ್ಕೂ ವೇಗ ಏರುತ್ತದೆ. ಹಾಗೆ ಬಲಿತ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುವಾಗ ಎಕ್ಸ್‌-ಕಿರಣ ಸೂಸುತ್ತವೆ. ಪ್ರೋಟಾನುಗಳು ಸುತ್ತಲಿನ ಅನಿಲಕ್ಕೆ ಬಡಿದರೆ ಗಾಮಾ ಕಿರಣ.

ಈ ಎಕ್ಸ್‌-ಕಿರಣಗಳನ್ನು ನಮ್ಮ ವಾಯುಮಂಡಲ ತಡೆಯುತ್ತದೆ, ಹಾಗಾಗಿ ಉಪಗ್ರಹವೇ ಬೇಕು. 2024ರ ಜನವರಿ 1ರಂದು ಇಸ್ರೋ ಹಾರಿಸಿದ 'ಎಕ್ಸ್‌ಪೋಸ್ಯಾಟ್'ನಲ್ಲಿರುವ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ 'ಎಕ್ಸ್‌ಸ್ಪೆಕ್ಟ್' ಉಪಕರಣ ಮೊದಲು ಕಣ್ಣು ಹಾಯಿಸಿದ್ದು ಇದೇ ಅವಶೇಷದತ್ತ. ಅಲ್ಲಿ ಸಿಕ್ಕ ಗುರುತುಗಳು: ಮೆಗ್ನೀಸಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಜೊತೆಗೆ ಪಕ್ಕದ ಸಂಡೂರಿನ ಗುಡ್ಡಗಳಲ್ಲಿ ನಾವು ಅಗೆಯುವ ಅದೇ ಕಬ್ಬಿಣ.